ಕ್ರಿಪ್ಟೋ ಹಂಚಿ ಹಾಕುವವರಿಗೆ: ತೆರಿಗೆ ಲೆಕ್ಕ ಮೊದಲು ನೋಡಿ

ಕ್ರಿಪ್ಟೋಗೆ ಹಾಕುವ ದುಡ್ಡನ್ನು ಹಲವು ಕಾಯಿನ್‌ಗಳಿಗೆ ಹಂಚಿದರೆ ರಿಸ್ಕ್ ಕಮ್ಮಿ ಆಗುತ್ತದಾ ಅಂತ ಮಣಿಪಾಲದ ಕೆಲವರು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಹತ್ತು ಬಗೆಯ ಕಾಯಿನ್ ಉಂಟು ಅಂದಾಕ್ಷಣ ರಿಸ್ಕ್ ಕಮ್ಮಿ ಆಗುವುದಿಲ್ಲ ಮಾರಾಯ್ರೆ. ಬಿಟ್‌ಕಾಯಿನ್ ಬಿದ್ದರೆ ಸಣ್ಣವು ಸಾಮಾನ್ಯವಾಗಿ ಇನ್ನೂ ಜೋರಾಗಿ ಬೀಳುತ್ತವೆ. ದೊಡ್ಡ ಪಾಲು ಬಿಟ್‌ಕಾಯಿನ್, ಈಥರ್‌ನಲ್ಲೇ (ಎಥೀರಿಯಂನ ಕಾಯಿನ್) ಇರಲಿ.

ನಿಜವಾದ ಪೆಟ್ಟು ತೆರಿಗೆಯದ್ದು. 2022ರಿಂದ ಲಾಭಕ್ಕೆ 30% ತೆರಿಗೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಮಾರಿದಾಗ ಒಂದರಲ್ಲಿ 50,000 ರೂಪಾಯಿ ಲಾಭ, ಇನ್ನೊಂದರಲ್ಲಿ 40,000 ನಷ್ಟ ಅಂತಿಟ್ಟುಕೊಳ್ಳಿ. ಉಳಿದದ್ದು 10,000, ತೆರಿಗೆ 15,000! ತೆರಿಗೆಯ ಮೇಲೆ ಬೀಳುವ ಸೆಸ್ ಬೇರೆ. ಒಂದು ಕಾಯಿನ್ ಕೊಟ್ಟು ಇನ್ನೊಂದು ತಕ್ಕೊಂಡರೂ ಅದು ಮಾರಾಟವೇ.

ಹಾಗಾಗಿ ಒಂದೊಂದು ಕಾಯಿನ್‌ನ ಪಾಲು ಏರುಪೇರಾದರೆ ಮಾರಲು ಹೋಗಬೇಡಿ. ಹೊಸದಾಗಿ ಹಾಕುವ ದುಡ್ಡನ್ನು ಕಮ್ಮಿಯಾದ ಕಡೆಗೆ ಹಾಕಿ. ಖರೀದಿಯ ತಾರೀಕು, ರೇಟು, ಮಾರುವಾಗಲೇ ತೆರಿಗೆಯಾಗಿ ಕಡಿತವಾದ 1% ಟಿಡಿಎಸ್ ಎಲ್ಲ ಎಕ್ಸೆಲ್‌ನಲ್ಲಿ ಬರೆದಿಡಿ, ಸಿಎ ಕೇಳುವುದು ಅದನ್ನೇ.