ಗಾರೆ ನೆಲದಡಿಯ ಸಮಾಧಿ: ಪ್ರಾಚೀನ ಮಾಯಾ ಊರಿನಲ್ಲಿ ಮೂಳೆ ಮತ್ತು ಮಡಕೆಗಳನ್ನು ತೆಗೆಯುವ ಕ್ರಮ

ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಮನೆಯೊಂದರಲ್ಲಿ ಸಮಾಧಿಯನ್ನು ತೆಗೆಯುವವರು ಮೂಳೆ ಕಣ್ಣಿಗೆ ಬೀಳುವ ಮೊದಲೇ ತಿಳಿದುಕೊಂಡಿರಬೇಕಾದ ಸಂಗತಿ ಒಂದಿದೆ: ಆ ಗುಂಡಿಯನ್ನು ಯಾವ ನೆಲದ ಮೇಲೆ ನಿಂತು ತೋಡಿದರು ಎಂಬುದು. ಇದು ತಪ್ಪಿದರೆ ಉಳಿದ ಕೆಲಸವನ್ನು ಎಷ್ಟೇ ಅಚ್ಚುಕಟ್ಟಾಗಿ ಮಾಡಿದರೂ ಮೂಳೆಯ ಕಾಲವೂ ಮಡಕೆಯ ಕಾಲವೂ ತಪ್ಪುತ್ತವೆ. ಈ ಬರಹದಲ್ಲಿ ಉತ್ತರ ಬೆಲೀಜ್‌ನ ಕ್ವೆಯೊ ಎಂಬ ನೆಲೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು, ಇಂತಹ ಉತ್ಖನನದ ಕ್ರಮವನ್ನು ವಿವರಿಸಿದೆ. ಆರೆಂಜ್ ವಾಕ್ ಪಟ್ಟಣದ ಸಮೀಪದ ಈ ನೆಲೆಗೆ ಹೆಸರು ಬಂದದ್ದು ಜಮೀನಿನ ಒಡೆಯರಾದ, ರಮ್ ತಯಾರಿಸುವ ಕುಟುಂಬದಿಂದ. ಬ್ರಿಟಿಷ್ ಪುರಾತತ್ವಜ್ಞ ನಾರ್ಮನ್ ಹ್ಯಾಮಂಡ್ ಅವರ ತಂಡ 1975ರಲ್ಲಿ ಇಲ್ಲಿ ಅಗೆತ ಆರಂಭಿಸಿ, ಮುಂದಿನ ಹಲವು ಋತುಗಳಲ್ಲಿ ನೂರಕ್ಕೂ ಹೆಚ್ಚು ಸಮಾಧಿಗಳನ್ನು ಹೊರತೆಗೆಯಿತು.

ಅನುಮತಿಯ ಮಾತನ್ನು ಮೊದಲೇ ಮುಗಿಸುತ್ತೇನೆ. ಬೆಲೀಜ್‌ನಲ್ಲಿ ನೆಲದಡಿಯ ಪುರಾತನ ವಸ್ತುಗಳೆಲ್ಲ ದೇಶದ ಸ್ವತ್ತು. ಅಲ್ಲಿನ ಪುರಾತತ್ವ ಸಂಸ್ಥೆಯ ಅನುಮತಿಯಿಲ್ಲದೆ ಒಂದು ಬುಟ್ಟಿ ಮಣ್ಣನ್ನೂ ತೆಗೆಯುವಂತಿಲ್ಲ. ಮಾಯಾ ಜನರು ಇಂದಿಗೂ ಆ ದೇಶದಲ್ಲಿ ಬದುಕುತ್ತಿದ್ದಾರೆ, ಅಗೆಯುವ ಕೂಲಿಗಾರರಲ್ಲಿಯೂ ಅವರಿರುತ್ತಾರೆ. ಆದ್ದರಿಂದ ಮೂಳೆ ಸಿಕ್ಕಾಗ ಏನು ಮಾಡಲಾಗುವುದು, ಅದನ್ನು ಎಲ್ಲಿಡಲಾಗುವುದು ಎಂಬುದನ್ನು ಅವರೊಡನೆ ಮುಂಚಿತವಾಗಿ ಮಾತನಾಡಿಕೊಳ್ಳಬೇಕು. ಮಳೆಯಿಲ್ಲದ ಜನವರಿಯಿಂದ ಮೇ ತಿಂಗಳ ನಡುವಿನ ಕಾಲ ಕೆಲಸಕ್ಕೆ ಯೋಗ್ಯ.

ಇನ್ನು ನೆಲದ ವಿಷಯ. ಕ್ವೆಯೊದ ಜನರು ತಗ್ಗಾದ ಕಟ್ಟೆಯನ್ನು ಕಟ್ಟಿ, ಅದರ ಮೇಲೆ ಸುಣ್ಣದ ಗಾರೆ ಬಳಿದು, ಗೂಟಗಳ ಗೋಡೆ ಮತ್ತು ಹುಲ್ಲಿನ ಮಾಡಿನ ಮನೆಯನ್ನು ನಿಲ್ಲಿಸುತ್ತಿದ್ದರು. ಮನೆ ಹಳತಾದಾಗ ಅದರ ಮೇಲೆಯೇ ಹೊಸ ಭರ್ತಿ ಹಾಕಿ, ಮತ್ತೊಂದು ಗಾರೆ ನೆಲವನ್ನು ಮಾಡುತ್ತಿದ್ದರು. ಸತ್ತವರನ್ನು ಹೆಚ್ಚಾಗಿ ಆ ನೆಲವನ್ನು ಒಡೆದು ಮನೆಯೊಳಗೇ ಹೂಳುತ್ತಿದ್ದರು. ಮನೆಯ ನೆಲದಡಿ ಹೂಳುವ ಪದ್ಧತಿ ಕರ್ನಾಟಕದ ಓದುಗರಿಗೆ ಅಪರಿಚಿತವೇನಲ್ಲ. ನಮ್ಮ ನವಶಿಲಾಯುಗದ ನೆಲೆಗಳಲ್ಲಿ ಎಳೆಯ ಮಕ್ಕಳನ್ನು ಮಡಕೆಯಲ್ಲಿಟ್ಟು ಹೂಳಿದ್ದು 1947ರ ಬ್ರಹ್ಮಗಿರಿ ಉತ್ಖನನದಲ್ಲಿಯೂ ಕಂಡುಬಂದಿದೆ. ಎರಡು ಕಡೆಗೂ ಸಂಬಂಧವೇನಿಲ್ಲ, ಅಗೆಯುವವರ ಮುಂದಿರುವ ತೊಡಕು ಮಾತ್ರ ಒಂದೇ.

ಹಳೆಯ ಗಾರೆ ನೆಲದ ಮನೆಯಲ್ಲಿ ಬೆಳೆದವರಿಗೆ ಗೊತ್ತಿರುವಂತೆ, ಒಡೆದ ಗಾರೆಯನ್ನು ಎಷ್ಟೇ ಜಾಣತನದಿಂದ ತೇಪೆ ಹಾಕಿದರೂ ಅದರ ಗುರುತು ಹೋಗುವುದಿಲ್ಲ. ಸಮಾಧಿಯನ್ನು ಹುಡುಕುವುದೂ ಇದೇ ಗುರುತಿನಿಂದ. ನೆಲ ಪೂರ್ತಿ ತೆರೆದ ಮೇಲೆ ಕರಣೆಯಿಂದ ಹೆರೆದು, ಗುಡಿಸಿ, ತೆಳುವಾಗಿ ನೀರು ಚಿಮುಕಿಸಿ, ಬೆಳಗಿನ ಎಳೆಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ನೋಡಬೇಕು. ತೇಪೆಯ ಗಾರೆ ಬೇರೆ ಬಣ್ಣದಲ್ಲಿ ಒದ್ದೆಯಾಗುತ್ತದೆ, ಬೇಗ ಅಥವಾ ತಡವಾಗಿ ಒಣಗುತ್ತದೆ, ಕೆಲವೊಮ್ಮೆ ಒಂದೆರಡು ಬೆರಳಿನಷ್ಟು ಕುಸಿದಿರುತ್ತದೆ. ಕರಣೆಯ ಹಿಡಿಯಿಂದ ತಟ್ಟಿದರೆ ಗಟ್ಟಿ ನೆಲದ ಸದ್ದಿಗೂ ಸಡಿಲ ಮಣ್ಣಿನ ಮೇಲಿನ ಗಾರೆಯ ಸದ್ದಿಗೂ ವ್ಯತ್ಯಾಸ ಕೇಳಿಸುತ್ತದೆ. ಗುಂಡಿಯ ಅಂಚು ಸಿಕ್ಕ ಕೂಡಲೇ ಅಗೆಯಲು ತೊಡಗಬಾರದು. ಅದನ್ನು ನಕ್ಷೆಗೆ ಇಳಿಸಿ, ಮಟ್ಟ ಅಳೆದು, ಛಾಯಾಚಿತ್ರ ತೆಗೆದು, ಆ ಅಂಚು ಈ ನೆಲವನ್ನು ಕತ್ತರಿಸಿದೆಯೋ ಅಥವಾ ಈ ನೆಲ ಅದರ ಮೇಲೆ ಮುಚ್ಚಿಕೊಂಡಿದೆಯೋ ಎಂಬುದನ್ನು ತೀರ್ಮಾನಿಸಬೇಕು. ಮೂರನೆಯ ನೆಲವನ್ನು ಕತ್ತರಿಸಿ, ನಾಲ್ಕನೆಯ ನೆಲದಿಂದ ಮುಚ್ಚಿಕೊಂಡ ಸಮಾಧಿಯು ಆ ಎರಡರ ನಡುವಿನ ಕಾಲದ್ದು. ಅದೇ ಗುಂಡಿಯ ಅಂಚನ್ನು ಮೇಲೆ ಗಮನಿಸದೆ ಮೊದಲ ನೆಲದ ಮಟ್ಟದಲ್ಲಿ ಮೂಳೆ ಸಿಕ್ಕಾಗ ಮಾತ್ರ ನೋಡಿದವರು, ಸತ್ತ ವ್ಯಕ್ತಿಯನ್ನು ಆತನಿಗಿಂತ ಶತಮಾನಗಳಷ್ಟು ಹಿಂದಿನ ಜನರ ಜೊತೆ ಸೇರಿಸಿಬಿಡುತ್ತಾರೆ.

ಗುಂಡಿಯ ಕತ್ತರಿಕೆ, ಅದರೊಳಗಿನ ಭರ್ತಿ, ಅಸ್ಥಿಪಂಜರ, ಪ್ರತಿಯೊಂದು ಮಡಕೆ ಹೀಗೆ ಎಲ್ಲಕ್ಕೂ ಪ್ರತ್ಯೇಕ ಸಂಖ್ಯೆ ಕೊಡಬೇಕು. ಯಾವುದು ಯಾವುದಕ್ಕಿಂತ ಮೊದಲು ಎಂಬ ಸಂಬಂಧವನ್ನು ಅಂದಂದೇ ರೇಖಾಚಿತ್ರವಾಗಿ ಬರೆಯಲು ಎಡ್ವರ್ಡ್ ಹ್ಯಾರಿಸ್ 1973ರಲ್ಲಿ ರೂಪಿಸಿದ ಜಾಲಚಿತ್ರದ ವಿಧಾನವಿದೆ. ಕ್ವೆಯೊದಲ್ಲಿ ಅದನ್ನೇ ಬಳಸಲಾಯಿತು. ಸಂಜೆ ಡೇರೆಗೆ ಹೋಗಿ ನೆನಪಿನಿಂದ ಬರೆಯುತ್ತೇನೆ ಎನ್ನುವುದು ಈ ವೃತ್ತಿಯ ಅತ್ಯಂತ ದುಬಾರಿ ಸೋಮಾರಿತನ.

ಭರ್ತಿಯನ್ನು ತೆಗೆಯುವಾಗ ಮೊದಲ ಮೂಳೆ ಕಂಡ ಕೂಡಲೇ ಕಬ್ಬಿಣದ ಸಲಕರಣೆಗಳನ್ನು ಬದಿಗಿಡಬೇಕು. ಅಲ್ಲಿಂದ ಮುಂದಕ್ಕೆ ಚೂಪು ಮಾಡಿದ ಬಿದಿರು ಕಡ್ಡಿ, ಮೆದು ಕುಂಚ, ಗಾಳಿ ಊದುವ ರಬ್ಬರ್ ಬುರುಡೆ, ಚಿಕ್ಕ ಚಮಚ ಇವಷ್ಟೇ ಸಾಕು. ಗುಂಡಿಗೆ ಅಡ್ಡಲಾಗಿ ಹಲಗೆ ಹಾಕಿ ಅದರ ಮೇಲೆ ಮಲಗಿ ಕೆಲಸ ಮಾಡುವುದು ಒಳ್ಳೆಯದು. ಮೇಲೆ ಟಾರ್ಪಾಲಿನ ನೆರಳಿರಲಿ. ಸಾವಿರಾರು ವರ್ಷ ತಂಪಿನಲ್ಲಿದ್ದ ಮೂಳೆಗೆ ಒಮ್ಮೆಲೇ ಬಿಸಿಲು ತಾಗಿದರೆ ಅದು ಸೀಳಿ ಚಕ್ಕೆಯೇಳುತ್ತದೆ. ನಡುವಿನಿಂದ ಅಂಚಿನತ್ತ, ಮೇಲಿನಿಂದ ಕೆಳಕ್ಕೆ ಸಾಗುತ್ತ ಪ್ರತಿ ಮೂಳೆಯ ಮೇಲ್ಮೈಯನ್ನು ಬಿಡಿಸಬೇಕೇ ಹೊರತು, ಅದರ ಅಡಿಯ ಮಣ್ಣನ್ನು ಕೆರೆಯಬಾರದು. ಅಡಿಯ ಮಣ್ಣು ಹೋದರೆ ಮೂಳೆ ಜರುಗುತ್ತದೆ, ಜರುಗಿದ ಮೂಳೆ ಸುಳ್ಳು ಹೇಳುತ್ತದೆ.

ವಯಸ್ಕನ ದೇಹದ 206 ಮೂಳೆಗಳಲ್ಲಿ 106 ಕೈ ಮತ್ತು ಪಾದಗಳಲ್ಲಿಯೇ ಇವೆ. ಅನನುಭವಿಗಳು ಕಳೆದುಕೊಳ್ಳುವುದು ಇವುಗಳನ್ನೇ, ಆದರೆ ಶವವನ್ನು ಹೇಗೆ ಹೂಳಿದರು ಎಂಬುದನ್ನು ಹೇಳಬಲ್ಲವೂ ಇವೇ. ಬೆರಳು, ಪಾದ, ಮಂಡಿಚಿಪ್ಪು, ಕುತ್ತಿಗೆಯ ಕೀಲುಗಳು ದೇಹ ಕೊಳೆಯುವಾಗ ಬೇಗ ಬಿಡಿಬಿಡಿಯಾಗುತ್ತವೆ. ಅವು ತಮ್ಮ ತಮ್ಮ ಜಾಗದಲ್ಲಿ ಕೂಡಿಕೊಂಡೇ ಇದ್ದರೆ ಶವವನ್ನು ಮಾಂಸವಿರುವಾಗಲೇ ಅಲ್ಲಿ ಇಟ್ಟಿದ್ದಾರೆ ಎಂದರ್ಥ. ಬಾಗಿಸಿದ ಮೊಣಕಾಲಿನ ಮೇಲೆ ಮಂಡಿಚಿಪ್ಪು ಉಳಿದಿದ್ದರೆ ಮಣ್ಣು ಕೂಡಲೇ ಸುತ್ತಲೂ ತುಂಬಿಕೊಂಡಿತ್ತು; ಅದು ಜಾರಿ ಕೆಳಗೆ ಬಿದ್ದಿದ್ದರೆ ಸುತ್ತ ಟೊಳ್ಳು ಜಾಗವಿದ್ದಿರಬೇಕು, ಬಹುಶಃ ಕಲ್ಲು ಚಪ್ಪಡಿಯ ಪೆಟ್ಟಿಗೆಯಲ್ಲಿ ಇಟ್ಟಿರಬೇಕು. ಉದ್ದನೆಯ ಮೂಳೆಗಳು ಸೌದೆ ಕಟ್ಟಿನಂತೆ ಒಟ್ಟಾಗಿದ್ದು ಬೆರಳ ಮೂಳೆಗಳೇ ಇಲ್ಲವಾದರೆ, ಬೇರೆಡೆ ಕೊಳೆತ ದೇಹದ ಗಂಟನ್ನು ತಂದಿಟ್ಟಿದ್ದಾರೆ. ಕ್ವೆಯೊದ ಸಾಮೂಹಿಕ ಸಮಾಧಿಯೊಂದರಲ್ಲಿ ಈ ಭೇದ ಬಹಳ ಮುಖ್ಯವಾಯಿತು. ಸುಮಾರು ಕ್ರಿ.ಪೂ. 400ರಲ್ಲಿ ಅಂಗಳವನ್ನು ಮುಚ್ಚಿ ದೊಡ್ಡ ಕಟ್ಟೆಯಾಗಿ ಎತ್ತರಿಸುವಾಗ 32 ಜನರನ್ನು ಒಟ್ಟಿಗೆ ಹೂಳಲಾಗಿತ್ತು. ಅವರಲ್ಲಿ ಕೆಲವರದು ಪೂರ್ಣ ದೇಹ, ಕೆಲವರದು ಮೂಳೆಗಳ ಗಂಟು. ಜೊತೆಯಲ್ಲಿ ಚಾಪೆಯ ಹೆಣಿಗೆಯನ್ನು ಕೆತ್ತಿದ ಮೂಳೆಯ ಕೊಳವೆಗಳಿದ್ದವು. ಮಾಯಾ ಜನರಲ್ಲಿ ಚಾಪೆ ಮುಂದೆ ಅರಸುತನದ ಚಿಹ್ನೆಯಾಯಿತು. ಸಣ್ಣ ಮೂಳೆಗಳನ್ನು ಲೆಕ್ಕವಿಲ್ಲದೆ ಒಂದೇ ಚೀಲಕ್ಕೆ ಸುರಿದಿದ್ದರೆ ಯಾರು ದೇಹವಾಗಿ ಬಂದರು, ಯಾರು ಗಂಟಾಗಿ ಬಂದರು ಎಂಬುದೇ ತಿಳಿಯುತ್ತಿರಲಿಲ್ಲ.

ಈ ಕಾರಣದಿಂದಲೇ ತಲೆ, ಎದೆ, ಹೊಟ್ಟೆ, ಎಡಗೈ, ಬಲಗೈ, ಎಡಪಾದ, ಬಲಪಾದ ಇವುಗಳ ಸುತ್ತಲ ಮಣ್ಣನ್ನು ಬೇರೆ ಬೇರೆಯಾಗಿ ತೆಗೆದು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಬೇಕು. ಬಾಯಿಯ ಮಣ್ಣನ್ನು ವಿಶೇಷ ಜಾಗ್ರತೆಯಿಂದ ನೋಡಬೇಕು. ಸತ್ತವರ ಬಾಯಲ್ಲಿ ಅರೆದ ಮೆಕ್ಕೆಜೋಳವನ್ನೂ ಹಣವಾಗಿ ಬಳಸುತ್ತಿದ್ದ ಕಲ್ಲುಗಳನ್ನೂ ತುಂಬುತ್ತಿದ್ದರೆಂದು 16ನೆಯ ಶತಮಾನದಲ್ಲಿ ಮೆಕ್ಸಿಕೊದ ಮಾಯಾ ಸೀಮೆಯಾದ ಯುಕಟಾನಿನ ಪಾದ್ರಿ ದಿಯೆಗೊ ದೆ ಲಾಂದಾ ಬರೆದಿದ್ದಾನೆ, ಹಸಿರು ಜೇಡ್ ಮಣಿ ಹಲವು ನೆಲೆಗಳಲ್ಲಿ ಅಲ್ಲಿಯೇ ಸಿಗುತ್ತದೆ. ಈ ಕಲ್ಲು ಬರುವುದು ಗ್ವಾಟೆಮಾಲಾದ ಮೊತಾಗ್ವಾ ಕಣಿವೆಯಿಂದ. ಕತ್ತಿನ ಅಥವಾ ಮಣಿಕಟ್ಟಿನ ಮಣಿಗಳು ಕಂಡರೆ ಒಂದನ್ನೂ ಎತ್ತದೆ ಪ್ರತಿಯೊಂದಕ್ಕೂ ಸಂಖ್ಯೆ ಬರೆದು ಚಿತ್ರಿಸಿಕೊಳ್ಳಬೇಕು. ಸರದ ಕ್ರಮ ತಿಳಿಯಲು ಬೇರೆ ದಾರಿಯಿಲ್ಲ.

ಈಗ ಮಡಕೆ. ಕ್ವೆಯೊದ ಸಮಾಧಿಗಳಲ್ಲಿ ಮತ್ತೆ ಮತ್ತೆ ಕಾಣುವ ನೋಟವೆಂದರೆ ತಲೆಬುರುಡೆಯ ಮೇಲೆ ಬೋರಲು ಹಾಕಿದ ಕೆಂಪು ಬೋಗುಣಿ. ಮಣ್ಣಿನ ಭಾರಕ್ಕೆ ಅದು ಹತ್ತಾರು ಬೋಕಿಗಳಾಗಿ ಒಡೆದು, ಬುರುಡೆಯ ಆಕಾರಕ್ಕೇ ಅಂಟಿಕೊಂಡಿರುತ್ತದೆ. ಅದನ್ನು ಎತ್ತುವ ಆತುರ ಎಲ್ಲರಿಗೂ ಇರುತ್ತದೆ. ಆದರೆ ಮೊದಲು ನೋಡಬೇಕಾದದ್ದು ಬೋಗುಣಿಯ ಬಾಯಂಚು ಎಲ್ಲಿ ಕೂತಿದೆ ಎಂಬುದನ್ನು: ಮೂಳೆಯ ಮೇಲೋ, ಭುಜದ ಪಕ್ಕದ ಗುಂಡಿಯ ತಳದ ಮೇಲೋ, ಅಥವಾ ಆಗಲೇ ಅರ್ಧ ತುಂಬಿದ್ದ ಮಣ್ಣಿನ ಮೇಲೋ. ಇದರಿಂದ ಬೋಗುಣಿಯನ್ನು ಶವದ ಜೊತೆಗೇ ಇಟ್ಟರೋ, ಗುಂಡಿ ತುಂಬುವಾಗ ಇಟ್ಟರೋ ಎಂಬುದು ತಿಳಿಯುತ್ತದೆ. ಅನಂತರ ತಳದಲ್ಲಿ ತೂತಿದೆಯೇ ಎಂದು ಪರೀಕ್ಷಿಸಬೇಕು. ಮಾಯಾ ಜನರು ಸಮಾಧಿಯಲ್ಲಿಡುವ ಪಾತ್ರೆಯ ತಳಕ್ಕೆ ಬೇಕೆಂದೇ ತೂತು ಹೊಡೆದು ಅದನ್ನು ‘ಕೊಲ್ಲುವ’ ಪದ್ಧತಿಯನ್ನು ಹಲವೆಡೆ ಇಟ್ಟುಕೊಂಡಿದ್ದರು. ಹಳೆಯ ತೂತಿನ ಅಂಚು ಮಣ್ಣು ಹಿಡಿದು ಮಂಕಾಗಿರುತ್ತದೆ. ಅಂಚು ತಾಜಾ ಇಟ್ಟಿಗೆಯ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಆ ತೂತು ನಿಮ್ಮ ಗುದ್ದಲಿಯದು, ಅದನ್ನೂ ನಾಚದೆ ದಾಖಲೆಯಲ್ಲಿ ಬರೆಯಬೇಕು.

ಪಾತ್ರೆಯನ್ನು ಎತ್ತುವಾಗ ಒಳಗಿನ ಮಣ್ಣನ್ನು ತೆಗೆಯಬಾರದು. ಹೊರಮೈಗೆ ಜಾಳುಬಟ್ಟೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಅಡಿಯಲ್ಲಿ ತೆಳು ಹಲಗೆಯನ್ನು ತೂರಿಸಿ, ಮಣ್ಣಿನ ಸಮೇತ ಎತ್ತಿ ಪ್ರಯೋಗಶಾಲೆಗೆ ಒಯ್ಯಬೇಕು. ಸಮಾಧಿಯ ಪಾತ್ರೆಯನ್ನು ಅಲ್ಲಿಯೂ ಕೂಡಲೇ ತೊಳೆಯುವಂತಿಲ್ಲ. ಕ್ವೆಯೊದಂತೆಯೇ ಉತ್ತರ ಬೆಲೀಜ್‌ನಲ್ಲಿರುವ ಕೋಲಾ ಎಂಬ ನೆಲೆಯ ಸಮಾಧಿಗಳಲ್ಲಿ ಸಿಕ್ಕ ಕೊಂಬಿನ ಹೂಜಿಗಳ ಒಳಗಿನ ಅಂಟುಕೊಳೆಯನ್ನು ಪರೀಕ್ಷಿಸಿದಾಗ ಅದರಲ್ಲಿ ಕೋಕೋದ ರಾಸಾಯನಿಕ ಗುರುತು ಕಂಡಿತು. 2002ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ಚಾಕೊಲೇಟ್ ಪಾನೀಯದ ಇತಿಹಾಸ ಕ್ರಿಸ್ತಪೂರ್ವ ಕಾಲಕ್ಕೆ ಹಿಂದೆ ಸರಿಯಿತು. ಶುಚಿತ್ವದ ಉತ್ಸಾಹದಲ್ಲಿ ಯಾರಾದರೂ ಬ್ರಷ್ ಹಾಕಿ ಉಜ್ಜಿದ್ದರೆ ಆ ಸಂಗತಿ ಚರಂಡಿಗೆ ಹೋಗುತ್ತಿತ್ತು.

ಭರ್ತಿಯಲ್ಲಿ ಸಿಗುವ ಬಿಡಿ ಬೋಕಿಗಳ ಕ್ರಮ ಬೇರೆ. ಅವನ್ನು ಸಾದಾ ನೀರಿನಲ್ಲಿ ಮೆದು ಬ್ರಷ್‌ನಿಂದ, ಲೇಪ ಏಳದಂತೆ ತೊಳೆದು ನೆರಳಿನಲ್ಲಿ ಒಣಗಿಸಿ, ಪ್ರತಿಯೊಂದರ ಒಳಮೈಯಲ್ಲಿ ಸಂಖ್ಯೆ ಬರೆಯಬೇಕು. ಬಾಯಂಚಿನ ಬೋಕಿಗಳನ್ನು ವೃತ್ತಗಳ ಪಟದ ಮೇಲಿಟ್ಟು ವ್ಯಾಸವನ್ನು ಅಳೆದು, ಅಡ್ಡಸೀಳಿನ ಚಿತ್ರ ಬರೆಯಬೇಕು. ಇಕ್ಕಳದಿಂದ ಒಂದು ಅಂಚನ್ನು ಮುರಿದು ಜೇಡಿಗೆ ಏನು ಬೆರೆಸಿದ್ದಾರೆಂದು ನೋಡಬೇಕು. ಸುಣ್ಣಕಲ್ಲಿನ ಪುಡಿಯಾದರೆ ದುರ್ಬಲ ಆಮ್ಲದ ಹನಿಗೆ ನೊರೆಯೇಳುತ್ತದೆ. ಮೇಲ್ಮೈ, ಲೇಪ, ಆಕಾರಗಳಿಂದ ಬಗೆಗಳನ್ನು ವಿಂಗಡಿಸಿ ಹೆಸರಿಡುವ ಪದ್ಧತಿ ಮಾಯಾ ಅಧ್ಯಯನದಲ್ಲಿ ಅರ್ಧ ಶತಮಾನಕ್ಕೂ ಹಿಂದಿನಿಂದ ರೂಢಿಯಲ್ಲಿದೆ. ಕ್ವೆಯೊದ ಅತ್ಯಂತ ಕೆಳಗಿನ ಸ್ತರಗಳಲ್ಲಿ ಕೊನ್ಸೆಹೊ ಕೆಂಪು, ಅದರ ಮೇಲೆ ಹೊವೆಂತೂದ್ ಕೆಂಪು, ಮತ್ತೂ ಮೇಲೆ ಸಿಯೆರಾ ಕೆಂಪು ಬರುತ್ತವೆ. ಪುಸ್ತಕದ ಚಿತ್ರ ನೋಡಿ ಇವನ್ನು ಗುರುತಿಸಲು ಹೋಗುವುದು ವ್ಯರ್ಥ. ಸಿಯೆರಾ ಕೆಂಪಿನ ಮೇಣದಂತಹ ನುಣುಪನ್ನು ಹೆಬ್ಬೆರಳಿಗೆ ಒಮ್ಮೆ ಕಲಿಸಿದರೆ ಅದು ಮರೆಯುವುದಿಲ್ಲ.

ಭರ್ತಿಯ ಬೋಕಿಗಳನ್ನು ಸಮಾಧಿಯ ಪಾತ್ರೆಗಳಂತೆ ನಂಬಬಾರದು. ಗುಂಡಿಗೆ ಮತ್ತೆ ಸುರಿದದ್ದು ಅದನ್ನು ತೋಡುವಾಗ ಬಂದ ಹಳೆಯ ಮಣ್ಣು, ಕಟ್ಟೆಗೆ ತುಂಬಿದ್ದು ಹಿಂದಿನ ತಲೆಮಾರುಗಳ ತಿಪ್ಪೆ. ಹಾಗಾಗಿ ಅದರಲ್ಲಿ ಹಳೆಯ ಚೂರುಗಳು ನೂರಿದ್ದು, ಹೊಸ ಬಗೆಯದು ಒಂದೇ ಇದ್ದರೂ, ಅದು ಇಲಿಬಿಲದಿಂದಲೋ ಮರದ ಬೇರಿನಿಂದಲೋ ಒಳಸೇರಿಲ್ಲವೆಂದು ಖಚಿತವಾದ ಮೇಲೆ ಆ ಒಂದರ ಮಾತೇ ನಡೆಯಬೇಕು: ಗುಂಡಿ ತುಂಬಿದ್ದು ಅದಕ್ಕಿಂತ ಮೊದಲಾಗಿರಲಾರದು. ಇದ್ದಿಲಿಗೂ ಇದೇ ಎಚ್ಚರ ಸಲ್ಲುತ್ತದೆ. 1970ರ ದಶಕದಲ್ಲಿ ಇದ್ದಿಲಿನ ಕಾಲನಿರ್ಣಯಗಳನ್ನು ಆಧರಿಸಿ ಕ್ವೆಯೊದ ಮೊದಲ ವಸತಿ ಕ್ರಿ.ಪೂ. 2500ರಷ್ಟು ಹಿಂದಿನದು ಎಂದು ಪ್ರಕಟಿಸಲಾಯಿತು, ಅದು ದೊಡ್ಡ ಸುದ್ದಿಯೂ ಆಯಿತು. ಮಡಕೆಗಳನ್ನು ಬೇರೆ ನೆಲೆಗಳ ಮಡಕೆಗಳೊಡನೆ ಹೋಲಿಸಿದವರಿಗೆ ಅದು ಒಪ್ಪಿಗೆಯಾಗಲಿಲ್ಲ. ಕೊನೆಗೆ ಸಮಾಧಿಗಳ ಮೂಳೆಯನ್ನೇ ನೇರವಾಗಿ ಪರೀಕ್ಷಿಸಿದಾಗ ಆರಂಭದ ಕಾಲ ಸುಮಾರು ಕ್ರಿ.ಪೂ. 1200ಕ್ಕೆ ಇಳಿಯಿತು. ಹ್ಯಾಮಂಡ್ ಅವರ ತಂಡವೇ ಈ ತಿದ್ದುಪಡಿಯಲ್ಲಿ ಕೈಜೋಡಿಸಿ ಪ್ರಕಟಿಸಿದ್ದು ನನ್ನ ದೃಷ್ಟಿಯಲ್ಲಿ ಆ ಉತ್ಖನನದ ದೊಡ್ಡತನ.

ಮೂಳೆಯಿಂದ ಇಂತಹ ಉತ್ತರ ಸಿಗಬೇಕಾದರೆ ಅದನ್ನು ಎತ್ತುವಾಗ ಒಂದು ಕ್ರಮವನ್ನು ಮರೆಯಬಾರದು. ಪುಡಿಯಾಗುತ್ತಿರುವ ಮೂಳೆಯನ್ನು ಗಟ್ಟಿಗೊಳಿಸಲು ಪ್ಯಾರಲಾಯ್ಡ್ ಎಂಬ ಅಂಟುದ್ರಾವಣವನ್ನು ಬಳಸುವುದುಂಟು. ಆದರೆ ಅದನ್ನು ಲೇಪಿಸುವ ಮೊದಲೇ ಒಂದು ತುಂಡನ್ನೂ ಒಂದು ಹಲ್ಲನ್ನೂ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಪರೀಕ್ಷೆಗಾಗಿ ಪ್ರತ್ಯೇಕವಾಗಿ ತೆಗೆದಿಡಬೇಕು. ತಲೆಬುರುಡೆಯನ್ನು ಕೊನೆಗೆ, ಎರಡೂ ಅಂಗೈಗಳಿಂದ ಅಡಿಯಿಂದ ಹಿಡಿದು ಎತ್ತಬೇಕು. ಕಣ್ಣಿನ ಗೂಡಿಗೆ ಬೆರಳು ಹಾಕಿ ಎತ್ತುವುದು ಅಕ್ಷಮ್ಯ. ಹಸಿ ಮೂಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಬೂಷ್ಟು ಹಿಡಿಯುತ್ತದೆ, ನೆರಳಿನಲ್ಲಿ ನಿಧಾನವಾಗಿ ಒಣಗಲು ಬಿಡಬೇಕು.

ಎಲ್ಲ ಮುಗಿದ ಮೇಲೆ ಗುಂಡಿಯ ತಳವನ್ನು ಇನ್ನೊಮ್ಮೆ ಹೆರೆದು ನೋಡಿ, ಏಕೆಂದರೆ ಒಂದು ಸಮಾಧಿಯ ಕೆಳಗೆ ಇನ್ನೊಂದಿರುವುದು ಇಲ್ಲಿ ಅಪರೂಪವಲ್ಲ. ಬಳಿಕ ತಳಕ್ಕೂ ಗೋಡೆಗಳಿಗೂ ಹಾಳೆ ಹೊದಿಸಿ, ಆ ವರ್ಷದ ಒಂದು ನಾಣ್ಯವನ್ನು ತಳದಲ್ಲಿಟ್ಟು ಮಣ್ಣು ಮುಚ್ಚಿರಿ. ಮುಂದೊಂದು ದಿನ ಅಲ್ಲಿ ಅಗೆಯುವವರಿಗೆ ಈ ಗುಂಡಿಯನ್ನು ಯಾವ ಕಾಲದಲ್ಲಿ ತೋಡಿದರೆಂಬುದು ಆ ನಾಣ್ಯದಿಂದ ತಿಳಿಯುತ್ತದೆ.