ಅಪ್‌ಗ್ರೇಡ್ ಆದ ಮೇಲೆ ರೀಸ್ಟಾರ್ಟ್ ಆಗುತ್ತಿದ್ದ ಮನೆಯ ಕಂಪ್ಯೂಟರ್: ನನ್ನ ಅನುಭವ

ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲಿರುವ ಕಂಪ್ಯೂಟರಿಗೆ ಕಳೆದ ಬೇಸಿಗೆಯಲ್ಲಿ 8 ಜಿಬಿಯ ಇನ್ನೊಂದು ರ‍್ಯಾಮ್ ಮತ್ತು 130 ವ್ಯಾಟ್ ಎಳೆಯುವ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆವು. ಆರ್ಕಿಟೆಕ್ಚರ್ ಓದುತ್ತಿರುವ ಮಗಳಿಗೆ ಕಟ್ಟಡಗಳ ತ್ರೀಡಿ ಚಿತ್ರಗಳನ್ನು ರೆಂಡರ್ ಮಾಡಲು (ಅಂದರೆ ವಿನ್ಯಾಸದಿಂದ ಪೂರ್ಣ ಚಿತ್ರ ಮೂಡಿಸಲು) ಹಳೆಯದು ಸಾಲುತ್ತಿರಲಿಲ್ಲ. ಹಾಕಿಸಿದ್ದೇ ತಡ, ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ರೀಸ್ಟಾರ್ಟ್ ಆಗತೊಡಗಿತು. ಕೆಲವೊಮ್ಮೆ ರೆಂಡರ್ ಶುರುವಾದ ಕ್ಷಣದಲ್ಲಿ, ಕೆಲವೊಮ್ಮೆ ಬ್ರೌಸರ್ ಒಂದನ್ನೇ ತೆರೆದುಕೊಂಡು ಕುಳಿತಿದ್ದಾಗ. ಅಂಗಡಿಯಲ್ಲಿ ಕೇಳಿದರೆ, "ಫಾರ್ಮ್ಯಾಟ್ ಹೊಡೆದ್ರೆ ಎಲ್ಲಾ ಸರಿ ಆಗ್ತತಿ ಸಾರ್" ಎಂಬ ಉತ್ತರ ಬಂತು. ಎಲ್ಲ ಕಾಯಿಲೆಗೂ ಒಂದೇ ಗುಳಿಗೆ ಕೊಟ್ಟ ಹಾಗಿತ್ತು ಅದು. ವಿಂಡೋಸ್ ಮೊದಲಿನದೇ ಇದ್ದು, ಬದಲಾಗಿದ್ದು ಬಿಡಿಭಾಗಗಳು ಮಾತ್ರ ಆಗಿದ್ದರಿಂದ ನಾನು ಅದಕ್ಕೆ ಒಪ್ಪದೆ ನಾನೇ ನೋಡಲು ಕುಳಿತೆ.

ರೀಸ್ಟಾರ್ಟ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರೊಳಗೆ ಎರಡು ಬೇರೆ ಬೇರೆ ಸಂಗತಿಗಳಿರುತ್ತವೆ. ಒಂದು, ವಿಂಡೋಸ್ ತಾನು ಮುಂದುವರಿಯಲಾರೆನೆಂದು ನೀಲಿ ಪರದೆ ತೋರಿಸಿ, ತಾನೇ ಯಂತ್ರವನ್ನು ಮತ್ತೆ ಚಾಲೂ ಮಾಡುವುದು; ಇನ್ನೊಂದು, ವಿಂಡೋಸಿಗೆ ಗೊತ್ತೇ ಆಗದಂತೆ ವಿದ್ಯುತ್ತು ಕಡಿದುಹೋಗುವುದು. ನೀಲಿ ಪರದೆ ಓದುವ ಮೊದಲೇ ಮಾಯವಾಗುವುದರಿಂದ ಕುಳಿತವರ ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ಸಿಸ್ಟಂ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಟ್ಯಾಬ್‌ಗೆ ಹೋಗಿ, ಸ್ಟಾರ್ಟಪ್ ಅಂಡ್ ರಿಕವರಿ ವಿಭಾಗದಲ್ಲಿರುವ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಎಂಬುದರ ಟಿಕ್ ಮೊದಲು ತೆಗೆದೆ. ಅಲ್ಲಿಂದ ಮುಂದೆ ಬ್ರೌಸರ್ ನೋಡುತ್ತಿದ್ದಾಗ ಕೆಟ್ಟರೆ ನೀಲಿ ಪರದೆ ಹಾಗೇ ನಿಂತಿತು; ರೆಂಡರ್ ಮಾಡುವಾಗ ಕೆಟ್ಟರೆ ಪರದೆ ಪಟ್ಟನೆ ಕಪ್ಪಾಗಿ ಮದರ್‌ಬೋರ್ಡಿನ ಲೋಗೋ ಬಂತು. ಒಂದೇ ಕಂಪ್ಯೂಟರಿನಲ್ಲಿ ಎರಡು ದೋಷಗಳು ಒಟ್ಟಿಗೇ ಸೇರಿಕೊಂಡಿದ್ದವು.

ವಿಂಡೋಸಿನ ಆಗುಹೋಗುಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ಕೂಡ ಇದನ್ನೇ ಹೇಳಿತು. ಅದರ ಸಿಸ್ಟಂ ಲಾಗ್‌ನಲ್ಲಿ ಕರ್ನಲ್ ಪವರ್ 41 ಎಂಬ ಕೆಂಪು ಗುರುತಿನ ದಾಖಲೆ ಕಂಡೊಡನೆ ಎಸ್ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ತು ಒದಗಿಸುವ ಡಬ್ಬಿ) ಹೋಗಿದೆ ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ. ವಾಸ್ತವದಲ್ಲಿ ಅದು ಯಂತ್ರ ಮತ್ತೆ ಚಾಲೂ ಆದ ಮೇಲೆ ಬರೆಯುವ ದಾಖಲೆ. ಹಿಂದಿನ ಸಲ ಸರಿಯಾಗಿ ಬಂದ್ ಆಗಿರಲಿಲ್ಲ ಎಂಬುದಕ್ಕಿಂತ ಹೆಚ್ಚೇನನ್ನೂ ಅದು ಹೇಳುವುದಿಲ್ಲ. ನೋಡಬೇಕಾದದ್ದು ಅದರ ಡೀಟೇಲ್ಸ್ ಟ್ಯಾಬ್‌ನಲ್ಲಿರುವ ಬಗ್‌ಚೆಕ್ ಕೋಡ್, ಅಂದರೆ ನೀಲಿ ಪರದೆಯ ದೋಷಸಂಖ್ಯೆ. ನಮ್ಮಲ್ಲಿ ಕೆಲವು ದಾಖಲೆಗಳಲ್ಲಿ ಅದು 0 ಇತ್ತು, ಅಂದರೆ ವಿಂಡೋಸ್ ತನ್ನ ದೋಷವನ್ನು ಬರೆದಿಡುವಷ್ಟೂ ಪುರುಸೊತ್ತು ಸಿಕ್ಕಿರಲಿಲ್ಲ. ಇನ್ನು ಕೆಲವದರಲ್ಲಿ 26 ಇತ್ತು. ಈ ಸಂಖ್ಯೆ ದಶಮಾನದ್ದು. ಹೆಕ್ಸಾಡೆಸಿಮಲ್‌ಗೆ (16ರ ಆಧಾರದ ಎಣಿಕೆಗೆ) ತಿರುಗಿಸಿದರೆ 1ಎ ಬರುತ್ತದೆ, ಅದರ ಹೆಸರು ಮೆಮೊರಿ ಮ್ಯಾನೇಜ್‌ಮೆಂಟ್.

ಹೀಗಾಗಿ ಮೊದಲು ರ‍್ಯಾಮ್ ಹಿಡಿದೆ. ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ರ‍್ಯಾಮ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಹೊಸದು ಸರಿಯಾಗಿತ್ತು, ಹಳೆಯದರಲ್ಲಿ ದೋಷ ತೋರಿಸುವ ಕೆಂಪು ಸಾಲುಗಳು ಬಂದವು. ಆದರೆ ಹಳೆಯದು ವರ್ಷಗಟ್ಟಲೆ ತಕರಾರಿಲ್ಲದೆ ನಡೆದದ್ದು. ಬಯೋಸ್ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್) ತೆರೆದು ನೋಡಿದರೆ, ಮೆಮೊರಿಯನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಎಕ್ಸ್ಎಂಪಿ ಆನ್ ಆಗಿತ್ತು, ವೇಗ 3200ಕ್ಕೆ ನಿಂತಿತ್ತು. ಹೊಸ ರ‍್ಯಾಮ್ ಆ ವೇಗದ್ದೇ, ಆದರೆ ಹಳೆಯದರ ಸ್ಟಿಕ್ಕರಿನ ಮೇಲೆ 2666 ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಎಕ್ಸ್ಎಂಪಿ ಆಫ್ ಮಾಡಿ ಎರಡನ್ನೂ 2666ಕ್ಕೆ ಇಳಿಸಿ ರಾತ್ರಿಯಿಡೀ ಪರೀಕ್ಷೆ ಓಡಿಸಿದಾಗ ಒಂದೂ ದೋಷ ಬರಲಿಲ್ಲ, ನೀಲಿ ಪರದೆಯ ಕಾಟವೂ ನಿಂತಿತು.

ರೆಂಡರ್ ಮಾಡುವಾಗಿನ ರೀಸ್ಟಾರ್ಟ್ ಮಾತ್ರ ಉಳಿಯಿತು. ಏಪ್ರಿಲ್ ತಿಂಗಳ ದಾವಣಗೆರೆಯ ಸೆಕೆಗೆ ಪ್ರೊಸೆಸರ್ ಅತಿಯಾಗಿ ಬಿಸಿಯಾಗುತ್ತಿದೆಯೇ ಎಂದು ಉಷ್ಣತೆ ನೋಡಿದೆ, ಅದು ಹದದಲ್ಲೇ ಇತ್ತು. ಯುಪಿಎಸ್ ಬಿಡಿಸಿ ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿದೆ, ಫರಕಾಗಲಿಲ್ಲ. ಕೊನೆಗೆ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು ಎಸ್ಎಂಪಿಎಸ್‌ನ ಲೇಬಲ್ ಓದಿದೆ. ದಪ್ಪಕ್ಷರದಲ್ಲಿ 450 ವ್ಯಾಟ್ ಎಂದಿತ್ತು. ಎಸ್ಎಂಪಿಎಸ್ ಬೇರೆ ಬೇರೆ ವೋಲ್ಟಿನ ಸಾಲುಗಳಲ್ಲಿ ವಿದ್ಯುತ್ತು ಕೊಡುತ್ತದೆ; ಕೆಳಗಿನ ಸಣ್ಣ ಪಟ್ಟಿಯಲ್ಲಿ 12 ವೋಲ್ಟಿನ ಸಾಲಿಗೆ 16 ಆಂಪಿಯರ್ ಎಂದಿತ್ತು. 12ನ್ನು 16ರಿಂದ ಗುಣಿಸಿದರೆ 192 ವ್ಯಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಈ ಸಾಲಿನಿಂದಲೇ ಎಳೆಯುತ್ತವೆ. ಕಾರ್ಡಿಗೆ 130, ಪ್ರೊಸೆಸರಿಗೆ 65, ಅಲ್ಲಿಗೇ 195 ಆಯಿತು, ಫ್ಯಾನ್ ಮತ್ತು ಹಾರ್ಡ್ ಡಿಸ್ಕ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಎಸ್ಎಂಪಿಎಸ್ ಕೊಳ್ಳುವವರು ದೊಡ್ಡ ಸಂಖ್ಯೆಯನ್ನು ಬಿಟ್ಟು ಈ ಆಂಪಿಯರನ್ನೇ ಕೇಳಬೇಕೆಂಬುದು ನನ್ನ ಅಭಿಪ್ರಾಯ.

ಕಾರ್ಡಿಗೆ ಬೇಕಾದ 8 ಪಿನ್ನಿನ ಕನೆಕ್ಟರ್ ಆ ಎಸ್ಎಂಪಿಎಸ್‌ನಲ್ಲಿ ಇರಲೇ ಇಲ್ಲ. ಒಂದೇ ವೈರಿನಲ್ಲಿದ್ದ ಎರಡು ಮೊಲೆಕ್ಸ್ (ಹಳೆಯ ಬಗೆಯ 4 ಪಿನ್ನಿನ) ಕನೆಕ್ಟರುಗಳಿಗೆ ಅಡಾಪ್ಟರ್ ಜೋಡಿಸಿ ಕೆಲಸ ಸಾಗಿಸಲಾಗಿತ್ತು. ಅದನ್ನು ಬಿಚ್ಚಿದಾಗ ಬಿಳಿ ಪ್ಲಾಸ್ಟಿಕ್ಕು 12 ವೋಲ್ಟಿನ ಹಳದಿ ತಂತಿ ಒಳಹೋಗುವ ತೂತಿನ ಸುತ್ತ ಕಂದು ಬಣ್ಣಕ್ಕೆ ತಿರುಗಿತ್ತು, ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ. ಖಾಲಿ ಇದ್ದ ಇನ್ನೊಂದು ಮೊಲೆಕ್ಸ್‌ನ ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದಾಗ ಸುಮ್ಮನಿದ್ದ ವೇಳೆಯಲ್ಲಿ 11.9 ವೋಲ್ಟ್ ಇದ್ದುದು, ರೆಂಡರ್ ಶುರುವಾದಂತೆ 11.3ಕ್ಕೆ ಇಳಿದು ಯಂತ್ರ ರೀಸ್ಟಾರ್ಟ್ ಆಯಿತು. ಇಂಥ ಹಳೆಯ ಎಸ್ಎಂಪಿಎಸ್‌ಗಳಿಗೆ ಅನ್ವಯಿಸುವ ಎಟಿಎಕ್ಸ್ ಎಂಬ ಮಾನದಂಡದಂತೆ ಶೇ 5ರ ಏರಿಳಿತಕ್ಕಷ್ಟೇ ಅವಕಾಶ, ಅಂದರೆ 11.4ಕ್ಕಿಂತ ಕೆಳಗೆ ಹೋಗಬಾರದು. ಕ್ಷಣಾರ್ಧದ ಕುಸಿತವನ್ನು ಸಾಮಾನ್ಯ ಮೀಟರ್ ಹಿಡಿಯುವುದಿಲ್ಲವಾದ್ದರಿಂದ ಮೀಟರಿನಲ್ಲಿ ಸರಿ ಕಂಡ ಮಾತ್ರಕ್ಕೆ ಎಸ್ಎಂಪಿಎಸ್ ಸರಿ ಇದೆ ಎನ್ನಲಾಗದು. ಎಸ್ಎಂಪಿಎಸ್‌ನ ಡಬ್ಬಿಯನ್ನಂತೂ ಬಿಚ್ಚಲೇಬಾರದು. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ.

12 ವೋಲ್ಟಿನ ಸಾಲಿನಲ್ಲಿ 40 ಆಂಪಿಯರಿಗೂ ಹೆಚ್ಚು ಕೊಡುವ, ತನ್ನದೇ 8 ಪಿನ್ನಿನ ವೈರ್ ಇರುವ 550 ವ್ಯಾಟಿನ ಎಸ್ಎಂಪಿಎಸ್ ತಂದು ಹಾಕಿದೆ. ಈಗ ತಾಸುಗಟ್ಟಲೆ ರೆಂಡರ್ ಓಡುತ್ತದೆ. ಯುಪಿಎಸ್ ಮಾತ್ರ ಹಳೆಯದೇ ಆಗಿದ್ದು, 600 ವಿಎ (ವೋಲ್ಟ್-ಆಂಪಿಯರ್) ಎಂದಿದ್ದರೂ ಕೊಡುವುದು 360 ವ್ಯಾಟ್. ಮಾನಿಟರನ್ನೂ ಸೇರಿಸಿ ರೆಂಡರಿನ ಹೊರೆ ಹೊತ್ತರೆ ಅದರ ಬ್ಯಾಟರಿ ಬಹಳ ಹೊತ್ತು ನಿಲ್ಲದು. ಅದಕ್ಕಾಗಿ ಕರೆಂಟು ಹೋದೊಡನೆ ರೆಂಡರ್ ನಿಲ್ಲಿಸಿ, ಫೈಲ್ ಸೇವ್ ಮಾಡಿ, ಕಂಪ್ಯೂಟರ್ ಬಂದ್ ಮಾಡುವಂತೆ ಮಗಳಿಗೆ ಹೇಳಿದ್ದೇನೆ.