ನಿಲ್ಲುವ ಹಗ್ಗ: ಮೃಣಾಲಿನಿ ಮುಖರ್ಜಿ ಪ್ರದರ್ಶನದಿಂದ ನಾನು ಕಲಿತದ್ದು

ನೆಲುವು ಹೆಣೆಯುವುದನ್ನು ನನಗೆ ಕಲಿಸಿದ್ದು ಅಜ್ಜಿ. ಮುಂದೆ ನಾನು ಹಗ್ಗದಲ್ಲೇ ಶಿಲ್ಪ ಮಾಡಲು ಹೊರಟೆ. ಆದರೆ ಒಂದು ಕಷ್ಟ ಬಿಡದೆ ಕಾಡಿತು. ನೆಲುವು ತೂಗಾಡಿದರೆ ಸಾಕು, ಶಿಲ್ಪ ನಿಲ್ಲಬೇಕು. ನನ್ನದು ಮೂರು ಅಡಿ ದಾಟಿದರೆ ಒದ್ದೆ ಗೋಣಿಚೀಲದ ಹಾಗೆ ಕುಸಿಯುತ್ತಿತ್ತು.

2015ರ ಫೆಬ್ರವರಿಯಲ್ಲಿ ದೆಹಲಿಗೆ ಹೋದೆ. ಜೈಪುರ ಹೌಸ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಶಿಲ್ಪಿ ಮೃಣಾಲಿನಿ ಮುಖರ್ಜಿ ಅವರ ಇಡೀ ಜೀವಮಾನದ ಕೆಲಸವನ್ನು ಒಟ್ಟಿಗೆ ಇಟ್ಟಿದ್ದರು. ಪ್ರದರ್ಶನ ಶುರುವಾದ ಸ್ವಲ್ಪ ದಿನಗಳಲ್ಲೇ ಅವರು ತೀರಿಕೊಂಡಿದ್ದರು. 65 ವರ್ಷ ಅಷ್ಟೆ. ರೈಲಿನಲ್ಲಿ ಉದ್ದಕ್ಕೂ ಅದೇ ಸಂಕಟ.

ಮೊದಲ ದಿನ ಏನೂ ಬರೆದುಕೊಳ್ಳಲಿಲ್ಲ. ಸುಮ್ನೆ ಸುತ್ತಿದೆ. ಬರೋಡಾದಲ್ಲಿ ಕಲಾವಿದ ಕೆ.ಜಿ. ಸುಬ್ರಹ್ಮಣ್ಯನ್ ಅವರ ಹತ್ತಿರ ಕಲಿತ ಮೃಣಾಲಿನಿ 1970ರ ದಶಕದಲ್ಲೇ ನಾರಿನ ಹಗ್ಗ ಹಿಡಿದವರು. ಮೊದಲೇ ಚಿತ್ರ ಬರೆದುಕೊಳ್ಳುತ್ತಿರಲಿಲ್ಲ, ಗಂಟು ಹಾಕುತ್ತಾ ಹಾಕುತ್ತಾ ರೂಪ ಹುಡುಕುತ್ತಿದ್ದರು. ಯಕ್ಷಿ, ಪಕ್ಷಿ, ವನಶ್ರೀ ಎಂದೆಲ್ಲ ಹೆಸರಿಡುತ್ತಿದ್ದರು. ಆ ಆಕೃತಿಗಳ ಮುಂದೆ ನಿಂತಾಗ, ಕತ್ತಲಾದ ಮೇಲೆ ನಮ್ಮೂರಿನ ಭೂತದ ಬನದ ಹತ್ತಿರ ನಿಂತಂತೆಯೇ ಆಯಿತು. ಹೆದರಿಕೆ, ಜೊತೆಗೆ ಕೈ ಮುಗಿಯುವ ಮನಸ್ಸು.

ಎರಡನೇ ದಿನ ನೆಲದ ಮೇಲೆ ಕೂತು ಕೆಳಗಿನಿಂದ ಮೇಲಕ್ಕೆ ನೋಡಿದೆ. ಆಗ ಗೊತ್ತಾಯಿತು. ಒಳಗಿನ ಲೋಹದ ಚೌಕಟ್ಟು ಒಂದಷ್ಟು ಭಾರ ಹೊರುತ್ತದೆ, ಉಳಿದದ್ದನ್ನು ಹಗ್ಗದ ಮಡಿಕೆಗಳೇ ಒಂದರ ಮೇಲೊಂದು ಒರಗಿ ಹೊರುತ್ತವೆ. ನಾನು ಮಡಿಕೆಯನ್ನು ಅಲಂಕಾರ ಅಂದುಕೊಂಡಿದ್ದೆ. ಅದು ಕಂಬದ ಕೆಲಸ ಮಾಡುತ್ತಿತ್ತು!

ಮುಂದೆ ಅವರು ಮಾಡಿದ ಸೆರಾಮಿಕ್ ಕೆಲಸಗಳ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಂಚಿನವು ಮಾತ್ರ ತಡೆದು ನಿಲ್ಲಿಸಿದವು. ಮೇಣದಲ್ಲಿ ರೂಪಿಸಿ ಎರಕ ಹೊಯ್ದ ಎಲೆಯ ಅಂಚಿನಲ್ಲೂ ಅದೇ ಮಡಿಕೆ ಇತ್ತು. ಒಂದೊಂದೇ ಕೃತಿಯನ್ನು ಬೇರೆಬೇರೆ ಕಡೆ ನೋಡಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಊರಿಗೆ ಬಂದು ಮತ್ತೆ ಶುರು ಮಾಡಿದೆ. ಆರು ಕಿಲೋ ಹಗ್ಗ ತಂದು ತೊಳೆದು, ಹೆಣೆಯುವ ಮೊದಲೇ ಬಣ್ಣ ಕಟ್ಟಿದೆ. ಬಣ್ಣಕ್ಕೆ ನಮ್ಮ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ರಸ. ಒದ್ದೆಯಲ್ಲಿ ಗಾಢವಾಗಿ ಕಾಣುವ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ. ಹಾಗಾಗಿ ಮೊದಲು ಒಂದು ಮೊಳ ಅದ್ದಿ, ಒಣಗಿಸಿ, ನೋಡಿಯೇ ಮುಂದಿನದು. ಚೌಕಟ್ಟಿಗೆ 8 ಮಿಲಿಮೀಟರ್ ಕಬ್ಬಿಣದ ಸರಳು ಬೆಸೆಸಿದೆ. ಇಲ್ಲಿ ಒಂದು ತಪ್ಪಾಯಿತು. ಹಗ್ಗದಲ್ಲಿ ಇನ್ನೂ ತೇವ ಇತ್ತು, ಬರಿ ಸರಳಿನ ತುಕ್ಕು ಹಗ್ಗಕ್ಕೆ ಹತ್ತಿ ಕಪ್ಪು ಕಲೆ ಬಿತ್ತು. ಅಷ್ಟೂ ಬಿಚ್ಚಿ, ಸರಳಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು, ಹಗ್ಗವನ್ನು ನಾಲ್ಕು ದಿನ ನೆರಳಲ್ಲಿ ಒಣಗಿಸಿ ಮತ್ತೆ ಕಟ್ಟಿದೆ. ತೂಕ ಬೀಳುವ ಕಡೆ ಗಂಟು ಒತ್ತೊತ್ತಾಗಿ, ಬೇರೆ ಕಡೆ ಸಡಿಲ.

ಏಳು ತಿಂಗಳು ಹಿಡಿಯಿತು. ಬೆರಳ ತುದಿ ಸುಲಿದು ಎಷ್ಟೋ ದಿನ ಅನ್ನ ಕಲಸಲೂ ಆಗುತ್ತಿರಲಿಲ್ಲ. ಆದರೆ ನಾಲ್ಕೂವರೆ ಅಡಿಯ ಆಕೃತಿ ತನ್ನಷ್ಟಕ್ಕೆ ನಿಂತಿತು. ಅಜ್ಜಿ ಬಂದು ಅದರ ಬೆನ್ನಿನ ಮೇಲೆ ಕೈಯಾಡಿಸಿ, ಅಲ್ಲೇ ಒಂದು ಸಡಿಲ ಗಂಟು ಹುಡುಕಿ, ಬಿಗಿ ಮಾಡಿದರು.